ಪಾಲಾದ ಜೋಡಿ ಕೋವಿಗೆ ಬೆಲೆ ಎಷ್ಟು?

ಹಳೆ ಮನೆತನಗಳ ವಸ್ತುಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಒಡವೆ, ಗೋಡೆ ಗಡಿಯಾರ, ಬೀಟೆ ಮರದ ಮಂಚಗಳ ಜೊತೆಗೆ ಕೊಡಗು, ಮಲೆನಾಡಿನ ಕಡೆ ಕೋವಿಗಳೂ ಬರುತ್ತವೆ. ಆಗ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಲಂಡನ್ನಿನ ಪರ್ಡಿ ಸಾರ್ ಇದು, ಕೋಟಿ ಬರುತ್ತಂತೆ, ಹೌದಾ?"

ಹೊಸದಕ್ಕಾದರೆ ಹೌದು. 1814ರಲ್ಲಿ ಶುರುವಾದ ಪರ್ಡಿ, 1835ರ ಹಾಲೆಂಡ್ ಅಂಡ್ ಹಾಲೆಂಡ್, ಲಂಡನ್ನಿನ ಈ ಎರಡು ಕೋವಿ ತಯಾರಿಸುವ ಅಂಗಡಿಗಳಲ್ಲಿ ಎರಡು ನಳಿಗೆಯ ಕೋವಿಗೆ ಇವತ್ತು ಆರ್ಡರ್ ಕೊಟ್ಟರೆ ಬೆಲೆ 1 ಲಕ್ಷ ಪೌಂಡ್ ದಾಟುತ್ತದೆ. ಅಂದರೆ ನಮ್ಮ ಕೋಟಿಗೂ ಜಾಸ್ತಿ. ಚಿನ್ನ ಸುರಿದಿರುತ್ತಾರೆ ಅಂದುಕೊಳ್ಳಬೇಡಿ. ದುಡ್ಡೆಲ್ಲ ಹೋಗುವುದು ಕೈಕೆಲಸಕ್ಕೆ.

ಮರ ಕೂರಿಸುವ ಕೆಲಸವನ್ನೇ ನೋಡಿ. ವರ್ಷಗಟ್ಟಲೆ ಒಣಗಿಸಿದ ವಾಲ್‌ನಟ್ ಮರದಲ್ಲಿ ಕುಳಿ ತೆಗೆದು, ಉಕ್ಕಿನ ಭಾಗಕ್ಕೆ ದೀಪದ ಮಸಿ ಹಚ್ಚಿ ಅದರೊಳಗೆ ಒತ್ತುತ್ತಾರೆ. ಮಸಿ ಅಂಟಿದ ಕಡೆ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಕೆರೆಯುತ್ತಾರೆ. ಮತ್ತೆ ಮಸಿ, ಮತ್ತೆ ಉಳಿ. ಕುಳಿಯ ತುಂಬ ಒಂದೇ ಸಮ ಕಪ್ಪು ಹತ್ತುವ ತನಕ ಬಿಡುವುದಿಲ್ಲ. ಹೀಗೆ ಕೂರಿಸಿದ ಕೋವಿಯಲ್ಲಿ ಮರ ಎಲ್ಲಿ ಮುಗಿಯಿತು, ಉಕ್ಕು ಎಲ್ಲಿ ಶುರುವಾಯಿತು ಅಂತ ಉಗುರಿಗೆ ಸಿಗುವುದಿಲ್ಲ. ನಾನು ಮೊದಲು ಉಗುರು ಆಡಿಸಿ ನೋಡುವುದು ಅಲ್ಲೇ.

ಇನ್ನು ಅಳತೆ. ಹಿಡಿಯನ್ನು ಉದ್ದ, ಗಿಡ್ಡ, ಎಡ, ಬಲ ಮಾಡಬಹುದಾದ ಒಂದು ಅಳತೆ ಕೋವಿ ಇರುತ್ತದೆ. ಅದನ್ನು ಗಿರಾಕಿಯ ಕೈಗೆ ಕೊಟ್ಟು ತೋಳು, ಕುತ್ತಿಗೆ, ಕೆನ್ನೆ, ಗುರಿ ಹಿಡಿಯುವ ಕಣ್ಣು ಎಲ್ಲ ಲೆಕ್ಕ ಹಾಕುತ್ತಾರೆ. ಹೀಗಾಗಿ ನಿಮ್ಮ ಅಜ್ಜನ ಕೋವಿ ಅಜ್ಜನ ಮೈಗೆ ಸರಿ. ನಿಮ್ಮ ಕೆನ್ನೆಗೆ ಬಡಿದರೆ ಅದರದ್ದೇನೂ ತಪ್ಪಿಲ್ಲ.

ಹಳೆಯದನ್ನು ಕೊಳ್ಳುವ ಸಂಗ್ರಹಕಾರ ಬೇಟೆಗೆ ಹೋಗುವವನಲ್ಲ. ಅವನಿಗೆ ಬೇಕಾದದ್ದು ಕಾರ್ಖಾನೆಯಿಂದ ಹೊರಬಂದ ಹಾಗೇ ಉಳಿದಿರುವ ವಸ್ತು. ಲಾಕಿನ ಮೇಲೆ, ಅಂದರೆ ಗುಂಡು ಹಾರಿಸುವ ಯಂತ್ರ ಇರುವ ಉಕ್ಕಿನ ಭಾಗದ ಮೇಲೆ, ನೀಲಿ, ಕಂದು ಬಣ್ಣಗಳ ಮೋಡದಂಥ ಛಾಯೆ ಕಾಣುತ್ತದಲ್ವಾ? ಮೂಳೆ ಇದ್ದಿಲಿನ ಜೊತೆ ಉಕ್ಕನ್ನು ಕಾಯಿಸಿ ನೀರಿಗೆ ಹಾಕಿದಾಗ ಬರುವ ಬಣ್ಣ ಅದು. ತೀರಾ ತೆಳು. ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡಿಯಿತು ಅಂತ ಯಾರೋ ಬಫ್ ಹೊಡೆಸಿರುತ್ತಾರೆ, ಇಲ್ಲವೇ ನಿಕಲ್ ಕೋಟಿಂಗ್ ಮಾಡಿಸಿರುತ್ತಾರೆ. ಕೋವಿ ಫಳಫಳ ಹೊಳೆಯುತ್ತದೆ, ಬೆಲೆ ನೆಲ ಕಚ್ಚುತ್ತದೆ. ದಯವಿಟ್ಟು ಎಣ್ಣೆ ಬಟ್ಟೆಯಲ್ಲಿ ಒರೆಸಿ, ಸುಮ್ನೆ ಬಿಡಿ.

ಇದಕ್ಕಿಂತ ಹೊಟ್ಟೆ ಉರಿಯುವುದು ಪಾಲಿನ ವಿಷಯ. ಶ್ರೀಮಂತರು ಆಗ ಕೋವಿಗಳನ್ನು ಜೋಡಿಯಾಗಿ ಮಾಡಿಸುತ್ತಿದ್ದರು. ಒಂದನ್ನು ಹಾರಿಸುವಾಗ ಆಳು ಇನ್ನೊಂದಕ್ಕೆ ತೋಟಾ ತುಂಬಬೇಕು, ಅದಕ್ಕೆ. ತೂಕ, ಕೆತ್ತನೆ, ಮರದ ಬಣ್ಣ ಎಲ್ಲ ಒಂದೇ. ನಳಿಗೆಯ ಮೇಲೆ ಚಿನ್ನದಲ್ಲಿ 1, 2 ಅಂತ ಕೂರಿಸಿರುತ್ತಾರೆ. ನಮ್ಮಲ್ಲಿ ಆಸ್ತಿ ಪಾಲಾದಾಗ ಅಣ್ಣನಿಗೊಂದು, ತಮ್ಮನಿಗೊಂದು. ನ್ಯಾಯ ಸರಿಯೇ. ಆದರೆ ಜೋಡಿಯ ಬೆಲೆ ಎರಡು ಬಿಡಿ ಕೋವಿಗಳ ಮೊತ್ತಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಕೋವಿಯ ಮೇಲೆ "2" ಅಂತ ಕಂಡರೆ ನಾನು ಕೇಳುವ ಮೊದಲ ಮಾತು, "ನಿಮ್ಮ ದೊಡ್ಡಪ್ಪನ ಮನೆಯಲ್ಲಿ ಏನಿದೆ?" ಕೆಲವೊಮ್ಮೆ ಆ ಮನೆಯ ಜೊತೆ ಮಾತು ಬಿಟ್ಟು ದಶಕವಾಗಿರುತ್ತದೆ.

ಹೆಸರು ನೋಡಿ ಮೋಸ ಹೋಗಬೇಡಿ. ಮದರಾಸಿನ ಪಿ. ಓರ್ ಅಂಡ್ ಸನ್ಸ್‌ನಂಥ ಅಂಗಡಿಗಳು ವಿಲಾಯತಿ ಕೋವಿಗಳನ್ನು ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದವು. ಅವು ಒಳ್ಳೆಯ ಕೋವಿಗಳೇ, ಆದರೆ ಪರ್ಡಿಯ ಬೆಲೆ ಬರುವುದಿಲ್ಲ. ನಿಜವಾದ ಪರ್ಡಿಯಾದರೆ ಅದರ ಮೇಲಿನ ನಂಬರ್ ಬರೆದು ಕಂಪನಿಗೆ ಕಾಗದ ಹಾಕಿ. ಅವರ ಹಳೆ ದಫ್ತರಗಳು ಇನ್ನೂ ಇವೆ. ಯಾವಾಗ, ಯಾರಿಗಾಗಿ ಮಾಡಿದ್ದು ಅಂತ ಅದರಲ್ಲಿ ಬರೆದಿರುತ್ತದೆ.

ಇಷ್ಟಾದರೂ ಲಂಡನ್ ಹರಾಜಿನ ಬೆಲೆ ಮಡಿಕೇರಿಯಲ್ಲಿ ಸಿಗುವುದಿಲ್ಲ. ನೂರು ವರ್ಷ ದಾಟಿದ್ದರೆ ಹೊರದೇಶಕ್ಕೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ಇಲ್ಲೇ ಮಾರೋಣ ಅಂದರೆ, ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿಯಾದ ಮೇಲೆ ಸಾಮಾನ್ಯ ಲೈಸೆನ್ಸುದಾರ ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ. ಕೊಳ್ಳುವ ಶಕ್ತಿ ಇರುವವರ ಹತ್ತಿರ ಆ ಎರಡು ಆಗಲೇ ಇರುತ್ತವೆ. ಅದಕ್ಕೇ ನನ್ನ ವರದಿಯಲ್ಲಿ ಎರಡು ಅಂಕಿ ಬರೆಯುತ್ತೇನೆ, ಲಂಡನ್ನಿನದು ಒಂದು, ಇಲ್ಲಿಯದು ಒಂದು. ಪಾಲು ಮಾಡುವಾಗ ಎರಡನೆಯದನ್ನೇ ಹಿಡಿಯಿರಿ.