ಈರುಳ್ಳಿಯಷ್ಟು ತೂಕದ ಕ್ಯಾಮೆರಾ

ಮಂಡ್ಯದಿಂದ ಬಂದ ಅಕ್ಕನ ಮಗಳು ನೀರು ಕುಡಿಯುವ ಮೊದಲೇ ಬ್ಯಾಗಿನಿಂದ ಹೊಸ ಆಕ್ಷನ್ ಕ್ಯಾಮೆರಾ ತೆಗೆದು ತೋರಿಸಿದಳು. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ನಾನು ಸುಮ್ನೆ ಕುತೂಹಲಕ್ಕೆ ಅಡುಗೆಮನೆಯ ತೂಕದ ಯಂತ್ರದ ಮೇಲೆ ಇಟ್ಟೆ. 150 ಗ್ರಾಂ ಆಸುಪಾಸು. ಬುಟ್ಟಿಯಿಂದ ಒಂದು ಈರುಳ್ಳಿ ತೆಗೆದು ಇಟ್ಟರೆ ಅದೂ ಹೆಚ್ಚುಕಡಿಮೆ ಅಷ್ಟೇ.

“ನೋಡಿ ಮಾಮ, ಒಂದು ಈರುಳ್ಳಿ! ಇದನ್ನ ತಲೆ ಮೇಲೆ ಇಟ್ಕೊಂಡ್ರೆ ಏನಾಗುತ್ತೆ? ಅವರು ಯಾಕೆ ಬೇಡ ಅಂತಾರೆ?”

ಅವರು ಎಂದರೆ ಅವಳು ಸೇರಲಿರುವ ಸ್ಕೈಡೈವಿಂಗ್ ಶಾಲೆಯವರು. ಕೆಲವು ವರ್ಷಗಳ ಹಿಂದೆ ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನ ಹತ್ತಿ ಅವಳೊಮ್ಮೆ ಜಿಗಿದಿದ್ದಳು. ಅದು ಟ್ಯಾಂಡಮ್ ಜಿಗಿತ. ಬೋಧಕರ ಎದೆಗೆ ನಮ್ಮ ಬೆನ್ನು ಬಿಗಿದಿರುತ್ತಾರೆ. ಪ್ಯಾರಾಚೂಟ್ ಅವರದು, ಲೆಕ್ಕಾಚಾರ ಅವರದು. ಕಿರುಚುವುದಷ್ಟೇ ನಮ್ಮ ಕೆಲಸ. ಈಗ ಅವಳಿಗೆ ಒಬ್ಬಳೇ ಜಿಗಿಯುವುದನ್ನು ಕಲಿಯಬೇಕು. ಅದಕ್ಕೆ ಹೊರದೇಶಕ್ಕೆ ಹೊರಟಿದ್ದಾಳೆ. ಕ್ಯಾಮೆರಾ ಮನೆಯಲ್ಲೇ ಬಿಟ್ಟು ಬನ್ನಿ ಎಂದು ಶಾಲೆಯವರು ಮೊದಲೇ ಬರೆದಿದ್ದಾರೆ.

ತೂಕದ ವಿಷಯದಲ್ಲಿ ಅವಳ ಮಾತು ತಪ್ಪಲ್ಲ. ಪ್ಯಾರಾಚೂಟ್ ಬಿಚ್ಚುವಾಗ ಮೈಗೊಂದು ಎಳೆತ ಬೀಳುತ್ತದೆ. ಸಾಮಾನ್ಯವಾಗಿ ಅದು ನಮ್ಮ ತೂಕದ ಮೂರು ನಾಲ್ಕು ಪಟ್ಟು. ಆ ಹೊತ್ತಿನಲ್ಲಿ 150 ಗ್ರಾಮಿನ ಕ್ಯಾಮೆರಾ ಕುತ್ತಿಗೆಗೆ 600 ಗ್ರಾಂ ಇದ್ದಂತೆ ಅನ್ನಿಸುತ್ತದೆ. ಒರಟಾಗಿ ಬಿಚ್ಚಿದರೆ ಇನ್ನೂ ಜಾಸ್ತಿ. ಕಿಲೋಗಟ್ಟಲೆ ತೂಗುವ ಹಳೇ ವಿಡಿಯೋ ಕ್ಯಾಮೆರಾ ಹೊತ್ತು ಜಿಗಿಯುತ್ತಿದ್ದವರ ಕುತ್ತಿಗೆಗೆ ಇದು ದೊಡ್ಡ ತಲೆನೋವಾಗಿತ್ತು. ಈಗಿನ ಪುಟ್ಟ ಕ್ಯಾಮೆರಾಗಳಿಗೆ ಈ ದೂರು ಅಷ್ಟಾಗಿ ತಾಗುವುದಿಲ್ಲ. ಎಡವಟ್ಟು ಆಗುವುದೂ ಇಲ್ಲೇ. ಹಗುರವಾದದ್ದು ಅಪಾಯವಲ್ಲ ಅಂದುಕೊಳ್ಳುತ್ತೇವೆ.

ಮೇಲಿನಿಂದ ಬೀಳುವವರ ಹತ್ತಿರ ಎಷ್ಟು ಸಮಯ ಇರುತ್ತದೆ? ಇದನ್ನು ಅವಳಿಗೆ ಹೇಳಲು ನಾನು ನಮ್ಮೂರಿನದೇ ಒಂದು ಅಳತೆ ಮಾಡಿಕೊಂಡೆ. ಚಾಮುಂಡಿ ಬೆಟ್ಟ ಸಮುದ್ರ ಮಟ್ಟದಿಂದ ಸುಮಾರು 3,500 ಅಡಿ. ಮೈಸೂರು ನಗರವೇ 2,500 ಅಡಿ ಎತ್ತರದಲ್ಲಿದೆ. ಅಂದರೆ ಊರಿನಿಂದ ನೋಡಿದರೆ ಬೆಟ್ಟ ಸುಮಾರು 1,000 ಅಡಿ. ಈ ಲೆಕ್ಕದಲ್ಲಿ ‘ಒಂದು ಬೆಟ್ಟ’ ಎಂದರೆ 1,000 ಅಡಿ.

ವಿಮಾನದಿಂದ ಜಿಗಿದ ಮನುಷ್ಯನ ವೇಗ ಮೊದಲು ಏರುತ್ತಲೇ ಹೋಗುತ್ತದೆ. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ಹತ್ತು ಹನ್ನೆರಡು ಸೆಕೆಂಡಿನಲ್ಲಿ ಭೂಮಿಯ ಸೆಳೆತ, ಗಾಳಿಯ ತಡೆ ಎರಡೂ ಸರಿಸಮ ಆಗುತ್ತವೆ. ಅಲ್ಲಿಂದ ಮುಂದೆ ವೇಗ ಏರುವುದಿಲ್ಲ. ಹೊಟ್ಟೆ ಕೆಳಗೆ ಮಾಡಿ, ಕೈಕಾಲು ಚಾಚಿ ಬಿದ್ದರೆ ಅದು ಗಂಟೆಗೆ ಸುಮಾರು 190ರಿಂದ 200 ಕಿಲೋಮೀಟರ್. ಮೊದಲ ಬೆಟ್ಟ ಇಳಿಯಲು ಹತ್ತು ಸೆಕೆಂಡು. ಆಮೇಲೆ ಐದೂವರೆ ಸೆಕೆಂಡಿಗೆ ಒಂದೊಂದು ಬೆಟ್ಟ. ನಾವು ಏದುಸಿರು ಬಿಡುತ್ತಾ ಮುಕ್ಕಾಲು ಗಂಟೆ ಹತ್ತುವ ಎತ್ತರ ಐದೂವರೆ ಸೆಕೆಂಡಿನಲ್ಲಿ ಮುಗಿದುಹೋಯಿತು!

13 ಬೆಟ್ಟದಿಂದ ಜಿಗಿದರೆ ಮೂರು ಬೆಟ್ಟದ ಎತ್ತರಕ್ಕೆ ಬರಲು ಸುಮಾರು ಒಂದು ನಿಮಿಷ. ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ ನಿಯಮದ ಪ್ರಕಾರ ಹೊಸಬರು 3,000 ಅಡಿಗಿಂತ ಕೆಳಗೆ ಪ್ಯಾರಾಚೂಟ್ ಬಿಚ್ಚುವಂತಿಲ್ಲ. ಅಲ್ಲಿಂದ ಏನೂ ಮಾಡದೆ ಬಿದ್ದರೆ ನೆಲಕ್ಕೆ 16–17 ಸೆಕೆಂಡು. ಪ್ಯಾರಾಚೂಟ್ ಪೂರ್ತಿ ಅರಳಲು ಅದರಲ್ಲಿ ಮೂರು ನಾಲ್ಕು ಸೆಕೆಂಡು ಹೋಗುತ್ತದೆ. ಅದು ಸರಿಯಾಗಿ ಅರಳಿತೇ ಎಂದು ನೋಡಬೇಕು. ಅರಳದಿದ್ದರೆ ಕಿತ್ತೊಗೆದು ಎರಡನೆಯದನ್ನು ಬಿಚ್ಚಬೇಕು. ಮರೆತೇಹೋದವರಿಗೆ ತಾನಾಗಿ ಎರಡನೇ ಪ್ಯಾರಾಚೂಟ್ ಬಿಚ್ಚುವ ಯಂತ್ರ ಇದೆ, ನಿಜ. ಅಂಥ ಒಂದು ಹೆಸರಾಂತ ಯಂತ್ರ ಕೆಲಸ ಮಾಡುವುದು 750 ಅಡಿಯಲ್ಲಿ. ಹೆಚ್ಚುಕಡಿಮೆ ನಮ್ಮ ದೊಡ್ಡ ನಂದಿ ಕೂತಿರುವ ಮಟ್ಟ. ಅಲ್ಲಿಂದ ನೆಲ ನಾಲ್ಕು ಸೆಕೆಂಡು ದೂರ.

“ಒಂದು ನಿಮಿಷ ಅಂದ್ರೆ ಜಾಸ್ತೀನೇ ಅಲ್ವಾ?” ಎಂದಳು.

ಅಲ್ಲಿ ಜಾಸ್ತಿ ಎಂದೇ ಅನ್ನಿಸುತ್ತದೆ. ಅದೇ ತೊಂದರೆ. 2007ರಲ್ಲಿ ಡೇವಿಡ್ ಈಗಲ್‌ಮನ್ ಮತ್ತು ಜೊತೆಗಾರರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. 31 ಮೀಟರ್ ಎತ್ತರದಿಂದ ಜನರನ್ನು ಬಲೆಗೆ ಬೀಳಿಸಿ, ಎಷ್ಟು ಹೊತ್ತು ಬಿದ್ದಿರಿ ಎಂದು ಕೇಳಿದರು. ಬೇರೆಯವರು ಬಿದ್ದ ಸಮಯಕ್ಕಿಂತ ತಾವು ಬಿದ್ದ ಸಮಯ ಸರಾಸರಿ ಶೇಕಡಾ 36ರಷ್ಟು ಹೆಚ್ಚು ಎಂದು ಅವರಿಗೆ ಅನ್ನಿಸಿತ್ತು. ಹಾಗಂತ ಬೀಳುವಾಗ ಕಣ್ಣು ಚುರುಕಾಗಿ ಹೆಚ್ಚು ವಿವರ ಕಂಡಿತೇ? ಇಲ್ಲ. ಕೈಗೆ ಕಟ್ಟಿದ್ದ ಪರದೆಯಲ್ಲಿ ವೇಗವಾಗಿ ಮಿನುಗುತ್ತಿದ್ದ ಅಂಕಿಗಳನ್ನು ಓದುವುದರಲ್ಲಿ ಯಾವ ಸುಧಾರಣೆಯೂ ಆಗಲಿಲ್ಲ. ಸಮಯ ಹಿಗ್ಗಿದಂತೆ ಅನ್ನಿಸಿತು, ಹಿಗ್ಗಲಿಲ್ಲ. ಅದಕ್ಕೇ ಮನಸ್ಸಿನ ಗಡಿಯಾರವನ್ನು ನಂಬದೆ ಕೈಯಲ್ಲಿರುವ ಎತ್ತರದ ಮಾಪಕ, ಅಂದರೆ ಆಲ್ಟಿಮೀಟರನ್ನು ಮತ್ತೆ ಮತ್ತೆ ನೋಡು ಎಂದು ಕಲಿಸುತ್ತಾರೆ. ಹೊಸಬರಿಗೆ ಇದೇ ದೊಡ್ಡ ಪಾಠ. ಆ ನೋಟವನ್ನು ಕದಿಯುವ ಯಾವುದೇ ಸಾಮಾನು, ಎಷ್ಟೇ ಹಗುರವಾಗಿರಲಿ, ದುಬಾರಿ.

ಇಲ್ಲಿ ನನಗೆ ಭಾವನ ಆಲೆಮನೆ ನೆನಪಾಯಿತು. ಅವಳು ಬೆಳೆದದ್ದೇ ಆ ಹೊಗೆಯಲ್ಲಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕ ಗಟ್ಟಿಯಾಗುವ ಹೊತ್ತಿಗೆ ಅಲ್ಲೊಬ್ಬ ಅಜ್ಜ ನಿಂತಿರುತ್ತಿದ್ದರು. ಬೀಡಿ ಸೇದುತ್ತಾ, ಊರ ಪಂಚಾಯಿತಿ ಸುದ್ದಿ ಹೇಳುತ್ತಾ, ಪಾಕದ ಕಡೆ ನೋಡದೇ ಇದ್ದಂತೆ ಕಾಣುತ್ತಿತ್ತು. ಗುಳ್ಳೆಯ ಸದ್ದು ಬದಲಾದ ಕೂಡಲೇ ಮಾತು ಅರ್ಧಕ್ಕೆ ನಿಲ್ಲಿಸಿ “ಇಳಿಸ್ರೋ” ಅನ್ನುತ್ತಿದ್ದರು. ಅದೇ ಜಾಗದಲ್ಲಿ ಹೊಸ ಹುಡುಗನನ್ನು ನಿಲ್ಲಿಸಿದಾಗ ಭಾವ ಅವನ ಜೊತೆ ಯಾರಿಗೂ ಮಾತಾಡಲು ಬಿಡುತ್ತಿರಲಿಲ್ಲ. ಹದ ಮೀರಿದರೆ ಆ ಪಾಕದ ಬೆಲ್ಲವೆಲ್ಲ ಕಪ್ಪು.

ಅಜ್ಜನ ತಲೆಯಲ್ಲಿ ಜಾಗ ಖಾಲಿ ಇತ್ತು. ಹುಡುಗನ ತಲೆ ಭರ್ತಿ. ಮೊದಮೊದಲು ಸ್ಕೂಟರ್ ಕಲಿಯುವಾಗ ಕ್ಲಚ್ಚು, ಗೇರು, ಬ್ರೇಕು ಎಲ್ಲಕ್ಕೂ ಗಮನ ಬೇಕು. ಹಿಂದೆ ಕೂತವರು ಮಾತಾಡಿದರೆ ಬೈಯುತ್ತೇವೆ. ವರ್ಷ ಕಳೆದ ಮೇಲೆ ಕೈಕಾಲು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ಗಮನ ಬೇರೆ ಕಡೆಗೆ ಬಿಡುವಾಗುತ್ತದೆ. ಹತ್ತನೇ ಜಿಗಿತದವಳಿಗೆ ಮೈಯನ್ನು ಸಮವಾಗಿ ಇಟ್ಟುಕೊಳ್ಳುವುದೇ ಒಂದು ದೊಡ್ಡ ಕೆಲಸ. ಅದರ ಮೇಲೆ ‘ಕೆಂಪು ದೀಪ ಮಿನುಗುತ್ತಿದೆಯಾ? ರೆಕಾರ್ಡ್ ಆಗ್ತಿದೆಯಾ? ಪಕ್ಕದವಳ ಮುಖ ಫ್ರೇಮಿನಲ್ಲಿ ಬಂತಾ?’ ಎಂಬ ಪ್ರಶ್ನೆಗಳು. ಇವು ವಿಮಾನದ ಬಾಗಿಲಲ್ಲೇ ಶುರುವಾಗುತ್ತವೆ. ಪಟ್ಟಿಗಳು, ಹಿಡಿಕೆಗಳು ಸರಿಯಾಗಿವೆಯೇ ಎಂದು ನೋಡಿಕೊಳ್ಳಬೇಕಾದ ಹೊತ್ತಿನಲ್ಲಿ ಬೆರಳು ಕ್ಯಾಮೆರಾದ ಗುಂಡಿ ಹುಡುಕುತ್ತಿರುತ್ತದೆ.

ಗಮನ ಒಂದು ಕಡೆ ನೆಟ್ಟರೆ ಉಳಿದದ್ದು ಎಷ್ಟರಮಟ್ಟಿಗೆ ಕಾಣದೇ ಹೋಗಬಹುದು ಎಂಬುದನ್ನು 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ತೋರಿಸಿದರು. ಬ್ಯಾಸ್ಕೆಟ್‌ಬಾಲ್ ಆಡುವವರ ವಿಡಿಯೋ ಹಾಕಿ, ಚೆಂಡು ಎಷ್ಟು ಸಲ ಕೈ ಬದಲಾಯಿತು ಎಣಿಸಿ ಎಂದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು, ಎದೆ ಬಡಿದುಕೊಂಡು ಹೋದರು. ಸುಮಾರು ಅರ್ಧದಷ್ಟು ಜನರಿಗೆ ಗೊರಿಲ್ಲಾ ಕಾಣಲೇ ಇಲ್ಲ. ಆಲ್ಟಿಮೀಟರ್ ಗೊರಿಲ್ಲಾದಷ್ಟು ದೊಡ್ಡದೇನಲ್ಲ.

ಇನ್ನೊಂದು ಅಪಾಯಕ್ಕೆ ಮನಸ್ಸಿನ ವಿಚಾರವೇ ಬೇಡ. ವೇಲು ಬೈಕಿನ ಚಕ್ರಕ್ಕೆ ಸಿಕ್ಕಿ ಆಗುವ ಅನಾಹುತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಪ್ಯಾರಾಚೂಟ್ ಬೆನ್ನ ಚೀಲದಿಂದ ಹೊರಬರುವಾಗ ಅದರ ದಾರಗಳು ಭುಜದ ಮೇಲಿಂದ, ತಲೆಯ ಪಕ್ಕದಿಂದ ಸರ್ರನೆ ಮೇಲಕ್ಕೆ ಹೋಗುತ್ತವೆ. ಮೈ ನೆಟ್ಟಗಿದ್ದರೆ ಅವು ಯಾವುದಕ್ಕೂ ತಾಗುವುದಿಲ್ಲ. ಉರುಳುತ್ತಾ ಬಿಚ್ಚಿದರೆ ಎಲ್ಲಿ ಬೇಕಾದರೂ ಸುತ್ತಿಕೊಳ್ಳಬಹುದು. ಹೆಲ್ಮೆಟ್ಟಿನ ಮೇಲೆ ಎದ್ದು ನಿಂತ ಕ್ಯಾಮೆರಾ ಆಗ ಒಂದು ಕೊಕ್ಕೆ. ದಾರ ಅದಕ್ಕೆ ಸಿಕ್ಕಿಕೊಂಡರೆ ಕೆಟ್ಟ ಪ್ಯಾರಾಚೂಟನ್ನು ಕಿತ್ತೊಗೆದರೂ ಅದು ಹೋಗದೆ ತಲೆಗೇ ಜೋತುಬೀಳಬಹುದು. ಎರಡನೆಯದು ಬಂದು ಅದಕ್ಕೇ ಸುತ್ತಿಕೊಂಡರೆ ಮುಗಿಯಿತು. ಅನುಭವಿಗಳು ದಾರ ಸಿಗದಂತೆ ನುಣುಪಾಗಿ ಕೂರುವ ಕಟ್ಟು ಹಾಕಿಸುತ್ತಾರೆ. ಒಂದೇ ಎಳೆತಕ್ಕೆ ಹೆಲ್ಮೆಟ್ ಕಳಚಿಹೋಗುವ ವ್ಯವಸ್ಥೆ ಇಟ್ಟುಕೊಳ್ಳುತ್ತಾರೆ. ಅದನ್ನು ಯಾವಾಗ ಎಳೆಯಬೇಕು ಎಂಬುದೂ ಒಂದು ತೀರ್ಮಾನವೇ. ಉರುಳುತ್ತಾ ಬಿಚ್ಚುವ ಸಾಧ್ಯತೆ ಯಾರಿಗೆ ಜಾಸ್ತಿ? ಹೊಸಬರಿಗೇ.

“ಆದ್ರೆ ವಿಡಿಯೋ ನೋಡಿ ತಪ್ಪು ತಿದ್ಕೋಬಹುದಲ್ಲ ಮಾಮ?”

ಬಹುದು, ವಿಡಿಯೋ ಬೇರೆಯವರು ತೆಗೆದರೆ. ಅವಳ ತಲೆಯ ಮೇಲಿನ ಕ್ಯಾಮೆರಾಗೆ ಆಕಾಶ ಕಾಣುತ್ತದೆ, ಅವಳ ಮಂಡಿ ಮಡಚಿದೆಯೋ ಚಾಚಿದೆಯೋ ಕಾಣುವುದಿಲ್ಲ. ಕಲಿಕೆಗೆ ಬೇಕಾದದ್ದು ಮಂಡಿ. ಅದಕ್ಕೇ ಶಾಲೆಗಳಲ್ಲಿ ಕ್ಯಾಮೆರಾ ಇರುವುದು ಪಕ್ಕದಲ್ಲಿ ಹಾರುವ ಬೋಧಕರ ಹೆಲ್ಮೆಟ್ಟಿನಲ್ಲಿ. 2014ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಲಿಯುವವನೊಬ್ಬನಿಗೆ ಬೀಳುವಾಗಲೇ ಫಿಟ್ಸ್ ಬಂತು. ಬೋಧಕ ಹಿಂಬಾಲಿಸಿ, ಎರಡನೇ ಪ್ರಯತ್ನದಲ್ಲಿ ಅವನನ್ನು ಹಿಡಿದು, ಸುಮಾರು 4,000 ಅಡಿಯಲ್ಲಿ ಅವನ ಪ್ಯಾರಾಚೂಟ್ ಬಿಚ್ಚಿದರು. ಹುಡುಗ ಉಳಿದ. ಅದೆಲ್ಲ ಬೋಧಕರ ಹೆಲ್ಮೆಟ್ ಕ್ಯಾಮೆರಾದಲ್ಲಿ ದಾಖಲಾಗಿದೆ. ಆ ಹೊತ್ತಿನಲ್ಲಿ ಅವರ ತಲೆಯಲ್ಲಿ ಕ್ಯಾಮೆರಾ ಎಂಬ ವಸ್ತು ಇದ್ದಿರಲಿಕ್ಕಿಲ್ಲ. ಆಲೆಮನೆಯ ಅಜ್ಜನ ಹಾಗೆ.

ಹಾಗಾದರೆ ಯಾವಾಗ? ಯುಎಸ್‌ಪಿಎ ಸಲಹೆ ಪ್ರಕಾರ ಕ್ಯಾಮೆರಾ ಕಟ್ಟಿಕೊಳ್ಳುವ ಮೊದಲು ‘ಸಿ’ ಪರವಾನಗಿ ಇರಬೇಕು. ಅದಕ್ಕೆ ಕನಿಷ್ಠ 200 ಜಿಗಿತ ಬೇಕು. ಮೊದಲ ಪರವಾನಗಿ ‘ಎ’ 25 ಜಿಗಿತಕ್ಕೇ ಸಿಗುತ್ತದೆ. ಅಂದರೆ ಒಬ್ಬಳೇ ಜಿಗಿಯಲು ಅನುಮತಿ ಸಿಕ್ಕ ಮೇಲೂ ಕ್ಯಾಮೆರಾಗೆ ಬಹಳ ದೂರ ಇದೆ. 199ಕ್ಕೆ ಅಪಾಯ, 200ಕ್ಕೆ ಕ್ಷೇಮ ಎಂದೇನೂ ಅಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಲ್ಲ. ನನಗೆ ಆ ಗೆರೆ ಸರಿಯಾದ ಜಾಗದಲ್ಲೇ ಇದೆ ಅನ್ನಿಸುತ್ತದೆ.

ಅನುಭವವೂ ಪೂರ್ತಿ ಕಾಪಾಡುವುದಿಲ್ಲ. 1988ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 800ಕ್ಕೂ ಹೆಚ್ಚು ಸಲ ಜಿಗಿದಿದ್ದ ಒಬ್ಬರು, ಇನ್ನೊಬ್ಬರ ಪಾಠದ ವಿಡಿಯೋ ಮಾಡಲು ಕ್ಯಾಮೆರಾ ಕಟ್ಟಿಕೊಂಡು ವಿಮಾನದಿಂದ ಹಾರಿದರು. ಬೆನ್ನಿಗೆ ಪ್ಯಾರಾಚೂಟ್ ಇರಲಿಲ್ಲ. ಹಾಕಿಕೊಳ್ಳುವುದನ್ನೇ ಮರೆತಿದ್ದರು. ವಿಡಿಯೋ ಸಾಮಾನಿನ ಭಾರವನ್ನೇ ಪ್ಯಾರಾಚೂಟ್ ಎಂದುಕೊಂಡಿರಬಹುದು ಎಂದು ಆಮೇಲೆ ಊಹಿಸಿದರು. ಈ ಕಥೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕ್ಯಾಮೆರಾ ನನ್ನ ಹತ್ತಿರವೇ ಬಿಟ್ಟು ಮಂಡ್ಯಕ್ಕೆ ಹೋದಳು. ಒಪ್ಪಿದಳು ಎಂದು ನಾನೇನೂ ಅಂದುಕೊಳ್ಳಲಿಲ್ಲ.

ನೆನಪಿಗಾಗಿ ಅಲ್ವಾ ಇಷ್ಟೆಲ್ಲ? ಅದರ ಬಗ್ಗೆಯೂ ಅಧ್ಯಯನ ಇದೆ. ಅಮೆರಿಕದ ಲಿಂಡಾ ಹೆಂಕೆಲ್ ವಿದ್ಯಾರ್ಥಿಗಳನ್ನು ವಸ್ತು ಸಂಗ್ರಹಾಲಯ ಸುತ್ತಿಸಿ, ಕೆಲವನ್ನು ಫೋಟೋ ತೆಗೆಯಿರಿ, ಕೆಲವನ್ನು ಸುಮ್ಮನೆ ನೋಡಿ ಎಂದರು. ಫೋಟೋ ತೆಗೆದ ವಸ್ತುಗಳೇ ಕಡಿಮೆ ನೆನಪಿದ್ದವು. 2014ರಲ್ಲಿ ಪ್ರಕಟವಾದ ಕೆಲಸ ಅದು. 2017ರಲ್ಲಿ ಬೇರೊಂದು ತಂಡ, ಯಾವುದರ ಫೋಟೋ ತೆಗೆಯಬೇಕು ಎಂಬುದನ್ನು ಜನರಿಗೇ ಬಿಟ್ಟು ನೋಡಿತು. ಕಂಡದ್ದು ಚೆನ್ನಾಗಿ ನೆನಪಿತ್ತು, ಕೇಳಿದ್ದು ಕಡಿಮೆ ನೆನಪಿತ್ತು. ಎರಡರ ಫಲ ಒಂದೇ ಅಲ್ಲ. ಹಾಗಾಗಿ ‘ಕ್ಯಾಮೆರಾ ನೆನಪನ್ನು ತಿಂದುಬಿಡುತ್ತದೆ’ ಎಂದು ಅವಳ ಮುಂದೆ ಡಂಗುರ ಸಾರಲು ಮನಸ್ಸು ಬರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನೇ ಆ ಕ್ಯಾಮೆರಾವನ್ನು ಟೋಪಿಗೆ ಕಟ್ಟಿಕೊಂಡು ಚಾಮುಂಡಿ ಮೆಟ್ಟಿಲು ಹತ್ತಿದೆ. ಮೆಟ್ಟಿಲಿಗೊಂದು ಅರಿಶಿನ ಕುಂಕುಮದ ಬೊಟ್ಟಿಡುತ್ತಾ ಹತ್ತುವ ಹೆಂಗಸರು, ದೂರದಲ್ಲಿ ಲಲಿತ ಮಹಲ್. ಚೆನ್ನಾಗಿ ಬರುತ್ತಿದೆ ಎಂದುಕೊಂಡೆ. ಎರಡು ಮೂರು ಸಲ ಟೋಪಿ ತೆಗೆದು ದೀಪ ನೋಡಿದೆ. ಮಾರನೇ ದಿನ ಎದುರು ಮನೆಯವರು ಸಿಕ್ಕಿ “ಏನ್ ಸಾರ್, ಬೆಟ್ಟದಲ್ಲಿ ಅಷ್ಟು ಕರೆದ್ರೂ ತಿರುಗಿ ನೋಡ್ಲಿಲ್ಲ” ಎಂದರು. ನನಗೆ ಅವರನ್ನು ಕಂಡ ನೆನಪೇ ಇರಲಿಲ್ಲ.

ಹೊರಡುವ ಹಿಂದಿನ ದಿನ ಅಕ್ಕನ ಮಗಳು ಮತ್ತೆ ಬಂದಾಗ ಇಬ್ಬರೂ ಆ ವಿಡಿಯೋ ಹಾಕಿಕೊಂಡು ಕೂತೆವು. ನಂದಿಗಿಂತ ಸ್ವಲ್ಪ ಕೆಳಗೆ, ಚೌಕಟ್ಟಿನ ನಟ್ಟನಡುವೆ, ಎದುರು ಮನೆಯವರು ಇಳಿದು ಬರುತ್ತಿದ್ದಾರೆ. ಕೈ ಎತ್ತಿ “ಸಾರ್” ಅನ್ನುತ್ತಾರೆ. ಪಕ್ಕಕ್ಕೆ ಬಂದ ಮೇಲೆ ಇನ್ನೊಮ್ಮೆ, ಜೋರಾಗಿ, “ಸಾರ್!” ಕ್ಯಾಮೆರಾ ಅಲ್ಲಾಡುವುದೂ ಇಲ್ಲ. ಆಮೇಲೆ ಅವರ ಚಪ್ಪಲಿ ಸದ್ದು ಹಿಂದೆ ಹಿಂದೆ ಹೋಗುತ್ತದೆ.

ಅವಳು ನಗುತ್ತಾ ಅದನ್ನು ಹಿಂದಕ್ಕೆ ಎಳೆದು ಇನ್ನೊಂದು ಸಲ ನೋಡಿದಳು. ನಗು ನಿಂತ ಮೇಲೆ ಮತ್ತೂ ಒಂದು ಸಲ. ಕ್ಯಾಮೆರಾ ಈಗ ನಮ್ಮ ಟಿವಿ ಪಕ್ಕದಲ್ಲಿದೆ. ಚಾರ್ಜರ್ ಮಾತ್ರ ಯಾವ ಯೋಚನೆಯಲ್ಲಿ ಬ್ಯಾಗಿಗೆ ಹಾಕಿಕೊಂಡಳೋ, ಅವಳ ಜೊತೆ ಹೋಗಿದೆ.