ಪದಕ್ಕೊಂದು ಸೆಂಟ್

ಓದುಗರ ಪ್ರಶ್ನೆ: ಅಮೆರಿಕದ ಹಳೆಯ ಪಲ್ಪ್ ಪತ್ರಿಕೆಗಳಲ್ಲಿ ಪದ ಎಣಿಸಿ ದುಡ್ಡು ಕೊಡುತ್ತಿದ್ದರಂತೆ. ಹಾಗಿದ್ದರೆ ಎಲ್ಲರೂ ಕಥೆಯನ್ನು ಸುಮ್ಮನೆ ಎಳೆಯುತ್ತಿದ್ದರೇ? ಅದರಲ್ಲಿ ಸಂಸಾರ ನಡೆಯುತ್ತಿತ್ತೇ?

ಎಳೆಯುವವರಿಗೇನೂ ಬರವಿರಲಿಲ್ಲ. ಪಲ್ಪ್ ಪತ್ರಿಕೆಗಳಿಗೆ ಪತ್ತೇದಾರಿ ಕಥೆ ಬರೆಯುತ್ತಿದ್ದ ಎರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ ಬಗ್ಗೆ ಒಂದು ಕಥೆಯೇ ಇದೆ. ‘ನಿನ್ನ ನಾಯಕ ಯಾವಾಗಲೂ ಕೊನೆಯ ಗುಂಡಿಗೇ ಯಾಕೆ ಖಳನನ್ನು ಕೆಡವುತ್ತಾನೆ?’ ಎಂದು ಯಾರೋ ಕೇಳಿದರಂತೆ. ಪಿಸ್ತೂಲು ‘ಢಂ’ ಎಂದಾಗಲೆಲ್ಲ ತನಗೆ ಮೂರು ಸೆಂಟ್, ಇನ್ನೂ ಗುಂಡುಗಳಿರುವಾಗ ಜಗಳ ಮುಗಿಸಲು ತನಗೇನು ಹುಚ್ಚೇ ಎಂದನಂತೆ ಆತ. ಮೂರು ಸೆಂಟ್ ಹೆಸರು ಮಾಡಿದವರ ದರ. ಹೊಸಬರಿಗೆ ಒಂದು ಸೆಂಟ್, ಕೆಲವೊಮ್ಮೆ ಅದರಲ್ಲೂ ಅರ್ಧ.

ಪತ್ರಿಕೆಯೇ ಅಗ್ಗದ್ದು. ಫ್ರ್ಯಾಂಕ್ ಮನ್ಸಿ 1896ರಲ್ಲಿ ‘ಆರ್ಗಸಿ’ಯನ್ನು ಬರೀ ಕಥೆಗಳ ಪತ್ರಿಕೆಯಾಗಿಸಿ, ಮರದ ತಿರುಳಿನ ಒರಟು ಕಾಗದದಲ್ಲಿ ಅಚ್ಚು ಹಾಕಿಸಿದ. ಪಲ್ಪ್ ಎಂಬ ಹೆಸರು ಆ ಕಾಗದದ್ದು, ಕಥೆಯದ್ದಲ್ಲ.

ಆ ದರದಲ್ಲಿ ಬದುಕಬೇಕೆಂದರೆ ಕೈ ನಿಲ್ಲಿಸುವಂತಿರಲಿಲ್ಲ. 1931ರಲ್ಲಿ ಶುರುವಾದ ‘ದಿ ಷ್ಯಾಡೋ’ ಪತ್ರಿಕೆಯ 325 ಕಾದಂಬರಿಗಳಲ್ಲಿ 282 ಬರೆದವನು ವಾಲ್ಟರ್ ಗಿಬ್ಸನ್ ಒಬ್ಬನೇ. ಪತ್ರಿಕೆ ತಿಂಗಳಿಗೆರಡು ಸಲ ಬರತೊಡಗಿದ ಮೇಲೆ ಹದಿನೈದು ದಿನಕ್ಕೊಂದು ಕಾದಂಬರಿ! ಮುಖಪುಟದಲ್ಲಿ ಮಾತ್ರ ‘ಮ್ಯಾಕ್ಸ್‌ವೆಲ್ ಗ್ರಾಂಟ್’ ಎಂದಿರುತ್ತಿತ್ತು. ಆ ಹೆಸರು ಪ್ರಕಾಶಕರ ಸ್ವತ್ತು. ಉಳಿದ ಕಾದಂಬರಿಗಳನ್ನು ಬೇರೆಯವರು ಬರೆದಾಗಲೂ ಅದೇ ಹೆಸರು.

ಆದರೆ ನಿಮ್ಮ ಲೆಕ್ಕವನ್ನು ತಲೆಕೆಳಗು ಮಾಡಿದ್ದು ‘ಬ್ಲ್ಯಾಕ್ ಮಾಸ್ಕ್’ ಎಂಬ ಪತ್ತೇದಾರಿ ಕಥೆಗಳ ಪಲ್ಪ್ ಪತ್ರಿಕೆ. ಮಾತು ಕಡಿಮೆಯಾದಷ್ಟೂ ಕಾಸು ಕಡಿಮೆ ಎಂಬ ಲೋಕದಲ್ಲಿ, 1926ರಲ್ಲಿ ಸಂಪಾದಕನಾಗಿ ಬಂದ ಜೋಸೆಫ್ ಶಾ ಬಿಗಿಯಾದ ಗದ್ಯಕ್ಕೇ ಮಣೆ ಹಾಕಿದ. ಅವನ ಮೆಚ್ಚಿನ ಮಾದರಿ ಡ್ಯಾಶಿಯಲ್ ಹ್ಯಾಮೆಟ್. ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದು ಬಂದವನಾದ್ದರಿಂದ ಆತ ಕಳ್ಳರನ್ನು ಹತ್ತಿರದಿಂದ ಕಂಡಿದ್ದ.

1932ರಲ್ಲಿ ತೈಲ ಕಂಪನಿಯ ಕೆಲಸ ಕಳೆದುಕೊಂಡ ರೇಮಂಡ್ ಚಾಂಡ್ಲರ್ ಬರವಣಿಗೆ ಕಲಿತ ಬಗೆ ನನಗೆ ತುಂಬ ಇಷ್ಟ. ಗಾರ್ಡ್ನರನ ಒಂದು ಕಥೆಯ ಸಾರಾಂಶ ಮಾಡಿಕೊಂಡು, ಅದರಿಂದ ಕಥೆಯನ್ನು ತಾನೇ ಮತ್ತೆ ಬರೆದು, ಮೂಲದ ಜೊತೆ ಇಟ್ಟು ನೋಡುತ್ತಿದ್ದ. ತಿದ್ದಿದ, ಮತ್ತೆ ತಿದ್ದಿದ. ಅಷ್ಟು ಬೆವರು ಹರಿಸಿದ್ದನ್ನು ಮಾರುವಂತಿರಲಿಲ್ಲ, ಕಥೆ ಇನ್ನೊಬ್ಬನದಲ್ಲವೇ! ಅವನದೇ ಮೊದಲ ಕಥೆ ‘ಬ್ಲ್ಯಾಕ್ ಮಾಸ್ಕ್’ನ 1933ರ ಡಿಸೆಂಬರ್ ಸಂಚಿಕೆಯಲ್ಲಿ ಬಂತು. ಆಗ ವಯಸ್ಸು 45. ಐದು ತಿಂಗಳ ದುಡಿಮೆಗೆ ಸಿಕ್ಕಿದ್ದು 180 ಡಾಲರ್, ಅಂದರೆ ತಿಂಗಳಿಗೆ 36. ಹೊಟ್ಟೆ ತುಂಬಿತೇ ಎಂಬುದನ್ನು ನೀವೇ ಲೆಕ್ಕ ಹಾಕಿ.

ಅದೂ ಕೈಗೆ ಬಂದರೆ. ‘ವಿಯರ್ಡ್ ಟೇಲ್ಸ್’ ಎಂಬ ವಿಚಿತ್ರ, ಭಯಾನಕ ಕಥೆಗಳ ಪತ್ರಿಕೆ ಹಣ ಕೊಡುತ್ತಿದ್ದುದು ಕಥೆ ಅಚ್ಚಾದ ಮೇಲೆ, ಎಷ್ಟೋ ಸಲ ತಿಂಗಳುಗಟ್ಟಲೆ ಕಾಯಿಸಿ. ಕೋನನ್ ಎಂಬ ವೀರನನ್ನು ಸೃಷ್ಟಿಸಿದ ಟೆಕ್ಸಾಸ್‌ನ ರಾಬರ್ಟ್ ಹೊವಾರ್ಡ್ 1935ರ ಮೇ ತಿಂಗಳಲ್ಲಿ ಸಂಪಾದಕನಿಗೆ ಕಾಗದ ಬರೆದು, ಅಚ್ಚಾದ ಕಥೆಗಳದ್ದೇ 800 ಡಾಲರಿಗೂ ಹೆಚ್ಚು ಬಾಕಿಯಿದೆ ಎಂದು ಅಂಗಲಾಚಿದ. ಮನೆಯಲ್ಲಿ ತಾಯಿಗೆ ಕ್ಷಯ. ಮರುವರ್ಷದ ಜೂನ್‌ನಲ್ಲಿ, 30ನೇ ವಯಸ್ಸಿಗೇ, ಅವನು ತೀರಿಕೊಂಡ. ಪತ್ರಿಕೆಯ ಬಾಕಿ ಆಗಲೂ ತೀರಿರಲಿಲ್ಲ.