ಪ್ರಾರ್ಥಿಸಿದ ಮೇಲೆ ಗುಣವಾಯಿತು ಅಂದರೆ

ಹಾಸನದ ಸುತ್ತಮುತ್ತಲಿನ ಕ್ರೈಸ್ತ ಸಭೆಗಳಲ್ಲಿ, ಭಾನುವಾರದ ಆರಾಧನೆಯಲ್ಲೋ ವಾರದ ನಡುವಿನ ಉಪವಾಸ ಪ್ರಾರ್ಥನೆಯಲ್ಲೋ, ಸಾಕ್ಷಿ ಹೇಳುವ ಹೊತ್ತು ಅಂತ ಒಂದಿರುತ್ತದೆ. ಒಬ್ಬೊಬ್ಬರಾಗಿ ಎದ್ದು ದೇವರು ತಮಗೆ ಮಾಡಿದ ಉಪಕಾರ ಹೇಳಿಕೊಳ್ಳುತ್ತಾರೆ. ಮಗನಿಗೆ ಕೆಲಸ ಸಿಕ್ಕಿದ್ದು, ಜಮೀನಿನ ತಕರಾರು ಬಗೆಹರಿದದ್ದು ಎಲ್ಲ ಬರುತ್ತದೆ, ಆದರೆ ಬಹುಪಾಲು ಸಾಕ್ಷಿ ಕಾಯಿಲೆಯದೇ. "ಕಾಮಾಲೆ ಆಗಿತ್ತು, ಕಣ್ಣೆಲ್ಲ ಅರಿಶಿನ. ಅನ್ನ ಕಂಡರೆ ವಾಕರಿಕೆ. ಅಯ್ಯನವರು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ರು. ಮೂರು ವಾರಕ್ಕೆ ಊಟ ಸೇರ್ತು" ಎಂದು ಒಬ್ಬ ತಾಯಿ ಹೇಳಿದರೆ ಸಭೆಯೆಲ್ಲ ಸ್ತೋತ್ರ ಅನ್ನುತ್ತದೆ. ಆಕೆ ಒಂದಕ್ಷರವನ್ನೂ ಸುಳ್ಳು ಹೇಳಿಲ್ಲ. ಕಾಮಾಲೆ ಇದ್ದದ್ದು, ಪ್ರಾರ್ಥನೆ ನಡೆದದ್ದು, ಗುಣವಾದದ್ದು ಮೂರೂ ನಿಜ.

ಆದರೆ ಈ ಮೂರು ನಿಜಗಳನ್ನು ಒಂದೇ ದಾರದಲ್ಲಿ ಪೋಣಿಸುವ ಮೊದಲು ಯಕೃತ್ತಿನ ಕಡೆಯಿಂದಲೂ ಒಂದು ಮಾತು ಕೇಳಬೇಕು. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆಗೆ ವೈರಾಣುವನ್ನು ಕೊಲ್ಲುವ ಔಷಧವೇ ಇಲ್ಲ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳಲ್ಲಿ ದೇಹವೇ ಅದನ್ನು ಓಡಿಸುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಬದುಕುತ್ತಾರೆ. ಹಾಗಾಗಿಯೇ ಮಲೆನಾಡಿನಲ್ಲಿ ಎಲೆ ಮದ್ದು ಕೊಡುವವರಿಗೂ, ನೀರು ಮಂತ್ರಿಸಿ ಕೊಡುವವರಿಗೂ, ಹರಕೆ ಹೊತ್ತವರಿಗೂ ಕಾಮಾಲೆಯಲ್ಲಿ ಒಳ್ಳೆಯ ಹೆಸರಿದೆ. ಹಾವಿನ ಕಡಿತದ ಕತೆಯೂ ಹೀಗೆಯೇ. ಕಾಫಿ ತೋಟದಲ್ಲಿ ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವೇ ಹಲವು. ನಾಗರವೋ ಕೊಳಕುಮಂಡಲವೋ ಕಚ್ಚಿದರೂ ಒಮ್ಮೊಮ್ಮೆ ಹಲ್ಲಷ್ಟೇ ಊರಿ ವಿಷ ಇಳಿಸದೆ ಬಿಡುವುದುಂಟು. ಆ ದಿನ ಯಾರು ಏನು ಮಾಡಿದ್ದರೂ ಮನುಷ್ಯ ಉಳಿಯುತ್ತಿದ್ದ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ನಂಟು ಇದೆಯೋ ಇಲ್ಲವೋ ತಿಳಿಯಬೇಕಾದರೆ ಕಾಗೆ ಕೂರದ ಕೊಂಬೆಗಳನ್ನೂ ಎಣಿಸಬೇಕು. ಸಾಕ್ಷಿ ಹೇಳುವ ಹೊತ್ತಿನಲ್ಲಿ ಅವು ಲೆಕ್ಕಕ್ಕೆ ಬರುವುದಿಲ್ಲ. ಪ್ರಾರ್ಥನೆಯಿಲ್ಲದೆ ಗುಣವಾದವರು ಅಲ್ಲಿಗೆ ಬರುವುದಿಲ್ಲ, ಪ್ರಾರ್ಥಿಸಿದರೂ ತೀರಿಹೋದವರು ಎದ್ದು ಮಾತನಾಡುವಂತಿಲ್ಲ.

ಇದನ್ನು ಎಣಿಸಿಯೇ ನೋಡೋಣ ಎಂದು 1872ರಲ್ಲಿ ಹೊರಟವನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್. ರಾಜರಾಣಿಯರ ಆಯುಸ್ಸಿಗಾಗಿ ದೇಶದ ಚರ್ಚುಗಳಲ್ಲೆಲ್ಲ ಪ್ರಾರ್ಥನೆ ನಡೆಯುತ್ತದೆ, ಅವರು ಉಳಿದ ಸಿರಿವಂತರಿಗಿಂತ ಹೆಚ್ಚು ಬದುಕಿದ್ದಾರೆಯೇ ಎಂಬುದು ಅವನ ಪ್ರಶ್ನೆ. ಅವನ ಪಟ್ಟಿಯಲ್ಲಿ ಅರಸುಮನೆತನದವರ ಸರಾಸರಿ ಆಯುಸ್ಸು 64, ಎಲ್ಲರಿಗಿಂತ ಕಡಿಮೆ. ಲೆಕ್ಕ ಕುತೂಹಲದ್ದೇ, ಆದರೆ ಬಾಯಿಪಾಠದ ಪ್ರಾರ್ಥನೆಯನ್ನೂ ಕಾಯಿಲೆ ಮಗುವಿನ ಪಕ್ಕ ಕೂತ ತಾಯಿಯ ಮೊರೆಯನ್ನೂ ಒಂದೇ ತಕ್ಕಡಿಗೆ ಹಾಕಿದ ಕಾರಣ ನನಗೆ ಅದರಲ್ಲಿ ಹೆಚ್ಚು ಭರವಸೆಯಿಲ್ಲ.

ಸರಿಯಾದ ಪರೀಕ್ಷೆ ಬಂದದ್ದು ನೂರು ವರ್ಷಗಳ ಮೇಲೆ, ಅದೂ ಹೃದ್ರೋಗಿಗಳ ಮೇಲೆ. ಹಾಸನದವರಿಗೆ ಹೃದಯದ ಮಾತು ಈಗ ದೂರದ್ದಲ್ಲ. 2025ರ ಜೂನ್, ಜುಲೈನಲ್ಲಿ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿ ಒಂದರ ಹಿಂದೊಂದು ಬಂದಾಗ, ತಪಾಸಣೆಗೆಂದು ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಅಂಥ ಭಯದಲ್ಲಿರುವವರಿಗೆ ಪ್ರಾರ್ಥನೆ ನೆರವಾಗುತ್ತದೆಯೇ ಎಂದು ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯ ರ್‍ಯಾಂಡಾಲ್ಫ್ ಬರ್ಡ್ ಕೇಳಿಕೊಂಡರು. ಹೃದಯದ ತೀವ್ರ ನಿಗಾ ಘಟಕಕ್ಕೆ ಬಂದ 393 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರಿಗಾಗಿ ಮಾತ್ರ ಕ್ರೈಸ್ತ ವಿಶ್ವಾಸಿಗಳಿಂದ ಪ್ರಾರ್ಥನೆ ಮಾಡಿಸಿದರು. ಯಾರು ಯಾವ ಪಾಲಿನಲ್ಲಿದ್ದಾರೆಂಬುದು ರೋಗಿಗಳಿಗೂ ಗೊತ್ತಿಲ್ಲ, ನೋಡಿಕೊಳ್ಳುವ ವೈದ್ಯರಿಗೂ ಗೊತ್ತಿಲ್ಲ. 1988ರಲ್ಲಿ ಪ್ರಕಟವಾದ ವರದಿ ಪ್ರಾರ್ಥನೆಯ ಪಾಲಿಗೆ ಲಾಭವಾಗಿದೆ ಎಂದಿತು. ಇಂದಿಗೂ ಸ್ವಸ್ಥತಾ ಕೂಟಗಳಲ್ಲಿ 'ವಿಜ್ಞಾನವೇ ಒಪ್ಪಿದೆ' ಎಂಬ ಮಾತು ಬಂದರೆ ಅದರ ಬೇರು ಹೆಚ್ಚಾಗಿ ಇಲ್ಲಿರುತ್ತದೆ. ಬರ್ಡ್ ನೋಡಿದ್ದು 26 ಬಗೆಯ ತೊಂದರೆಗಳನ್ನು. ಆರರಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಸಾವಿನಲ್ಲಿ ವ್ಯತ್ಯಾಸವಿರಲಿಲ್ಲ, ಆಸ್ಪತ್ರೆಯಲ್ಲಿ ಇದ್ದ ದಿನಗಳಲ್ಲೂ ಇರಲಿಲ್ಲ. ಅಷ್ಟೊಂದು ಸಂಗತಿ ಅಳೆದಾಗ ಒಂದೆರಡು ಬರೀ ಆಕಸ್ಮಿಕದಿಂದಲೇ ವಾಲುತ್ತವೆ, ಒಂದು ವಾಲಿದರೆ ಅದಕ್ಕೆ ಅಂಟಿದ ಇನ್ನೊಂದೂ ವಾಲುತ್ತದೆ.

ಆ ಅನುಮಾನ ತೀರಿಸಲೆಂದೇ ಹಾರ್ವರ್ಡ್‌ನ ಹೃದಯ ವೈದ್ಯ ಹರ್ಬರ್ಟ್ ಬೆನ್ಸನ್ ದೊಡ್ಡದಾಗಿ ಕೈ ಹಾಕಿದರು. ಧ್ಯಾನ, ಪ್ರಾರ್ಥನೆಗಳ ಬಗ್ಗೆ ಒಲವಿದ್ದ ಮನುಷ್ಯ. ಹಣ ಕೊಟ್ಟದ್ದು ಧರ್ಮ ಮತ್ತು ವಿಜ್ಞಾನ ಹತ್ತಿರ ಬರಲೆಂದು ಬಯಸುವ ಟೆಂಪಲ್‌ಟನ್ ಪ್ರತಿಷ್ಠಾನ. ಹಾಗಾಗಿ ಪ್ರಾರ್ಥನೆಯನ್ನು ಸೋಲಿಸಲೆಂದೇ ಮಾಡಿದ ಪರೀಕ್ಷೆ ಎಂದು ಯಾರೂ ಹೇಳುವಂತಿಲ್ಲ. ಅಮೆರಿಕದ 6 ಆಸ್ಪತ್ರೆಗಳಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಗೆ ಬಂದ 1,802 ಮಂದಿಯನ್ನು ಮೂರು ಗುಂಪು ಮಾಡಿದರು. ಮೊದಲ ಎರಡು ಗುಂಪಿಗೆ 'ನಿಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು' ಎಂದಷ್ಟೇ ಹೇಳಿದರು. ಒಂದಕ್ಕೆ ಪ್ರಾರ್ಥಿಸಿದರು, ಇನ್ನೊಂದಕ್ಕೆ ಇಲ್ಲ. ಮೂರನೆಯ ಗುಂಪಿಗೆ 'ಖಂಡಿತ ಪ್ರಾರ್ಥಿಸುತ್ತೇವೆ' ಎಂದು ಮಾತು ಕೊಟ್ಟು ಪ್ರಾರ್ಥಿಸಿದರು. ಕಥೋಲಿಕ ಮತ್ತು ಪ್ರಾಟೆಸ್ಟೆಂಟ್ ಹಿನ್ನೆಲೆಯ ಮೂರು ಪ್ರಾರ್ಥನಾ ತಂಡಗಳು ರೋಗಿಯ ಹೆಸರು ಹಿಡಿದು, ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಮೊದಲುಗೊಂಡು 14 ದಿನ, ತೊಡಕಿಲ್ಲದೆ ಬೇಗ ಗುಣವಾಗಲಿ ಎಂದು ಬೇಡಿಕೊಂಡವು.

2006ರಲ್ಲಿ ಫಲಿತಾಂಶ ಬಂತು. ತಿಂಗಳೊಳಗೆ ಏನಾದರೂ ತೊಡಕಾದವರು, ಪ್ರಾರ್ಥನೆ ಪಡೆದ ಗುಂಪಿನಲ್ಲಿ ನೂರಕ್ಕೆ 52, ಪಡೆಯದ ಗುಂಪಿನಲ್ಲಿ 51. ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದ ಗುಂಪಿನಲ್ಲಿ 59. ಈ ಕೊನೆಯ ಸಂಖ್ಯೆ ಎಲ್ಲರನ್ನೂ ಬೆಚ್ಚಿಬೀಳಿಸಿತು. 'ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯೇ, ಪ್ರಾರ್ಥನೆಗೇ ಇಳಿದಿದ್ದಾರಲ್ಲ' ಎಂಬ ಆತಂಕ ರೋಗಿಗಳಿಗೆ ಹತ್ತಿರಬಹುದು ಎಂದು ಕೆಲವರು ಅಂದಾಜು ಮಾಡಿದರು. ಆಕಸ್ಮಿಕವೂ ಇರಬಹುದು. ಆದರೆ ದೂರದಿಂದ ಮಾಡಿದ ಪ್ರಾರ್ಥನೆ ತೊಡಕನ್ನು ಕಡಿಮೆ ಮಾಡಲಿಲ್ಲ ಎಂಬುದು ಮಾತ್ರ ಸ್ಪಷ್ಟವಾಗಿತ್ತು. 2009ರಲ್ಲಿ ಇಂಥ 10 ಪ್ರಯೋಗಗಳನ್ನು, 7,646 ರೋಗಿಗಳನ್ನು ಒಟ್ಟುಹಾಕಿ ನೋಡಿದ, ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆಯೂ ಸ್ಪಷ್ಟ ಪರಿಣಾಮ ಕಾಣದು ಎಂದೇ ಹೇಳಿತು.

ಇಲ್ಲಿ ಒಬ್ಬ ವಿಶ್ವಾಸಿ ಎದ್ದು ಆಕ್ಷೇಪಿಸುತ್ತಾನೆ, ಮತ್ತು ಅವನ ಆಕ್ಷೇಪ ನ್ಯಾಯವಾದದ್ದೇ. ದೇವರೆಂದರೆ ಮಾತ್ರೆಯೇ, ಇಷ್ಟು ಕೊಟ್ಟರೆ ಇಷ್ಟು ಗುಣ ಎಂದು ಅಳೆಯಲು? ದೇವರನ್ನು ಪರೀಕ್ಷಿಸಬಾರದು ಎಂದು ಯೇಸುವೇ ಹೇಳಿಲ್ಲವೇ? ಅಲ್ಲದೆ 'ಪ್ರಾರ್ಥನೆ ಪಡೆಯದ' ಗುಂಪಿನವರಿಗೂ ಅವರವರ ಮನೆಯವರು ಪ್ರಾರ್ಥಿಸಿಯೇ ಇರುತ್ತಾರೆ, ಅದನ್ನು ಯಾವ ವೈದ್ಯರು ತಡೆಯಬಲ್ಲರು? ಇದಕ್ಕೆಲ್ಲ ನನ್ನ ತಕರಾರಿಲ್ಲ. ದೇವರಿದ್ದಾನೆಯೇ ಎಂಬ ಪ್ರಶ್ನೆಗೆ ಈ ಪ್ರಯೋಗಗಳು ಉತ್ತರ ಕೊಟ್ಟಿಲ್ಲ, ಕೊಡಲೂ ಆಗದು. ಆದರೆ ಅಳೆಯಬಾರದು ಎಂದ ಮೇಲೆ ಅಳೆದಂತೆ ಮಾತನಾಡುವುದನ್ನೂ ಬಿಡಬೇಕು. ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಕಟ್ಟಿ ಕ್ಯಾನ್ಸರ್, ಶುಗರ್, ಮೂರ್ಛೆರೋಗ ಎಂದು ಪಟ್ಟಿ ಕೊಟ್ಟು ಬಿಡುಗಡೆ ಖಚಿತ ಎಂದು ಬರೆಯುವುದು ಅಳತೆಯ ಮಾತೇ.

ಕಥೋಲಿಕ ಧರ್ಮಸಭೆ ಈ ವಿಷಯದಲ್ಲಿ ಬಹಳ ಜಾಗರೂಕವಾಗಿದೆ. ಫ್ರಾನ್ಸಿನ ಪುಣ್ಯಕ್ಷೇತ್ರ ಲೂರ್ದಿನಲ್ಲಿ 1858ರಿಂದ ಲಕ್ಷಾಂತರ ರೋಗಿಗಳು ಬಂದು ಹೋಗುತ್ತಿದ್ದಾರೆ. ಅಲ್ಲಿ ವೈದ್ಯರದೇ ಒಂದು ಕಚೇರಿಯಿದೆ. ಕಾಯಿಲೆ ಗಂಭೀರವಾಗಿತ್ತೇ, ಥಟ್ಟನೆ ಗುಣವಾಯಿತೇ, ಪೂರ್ತಿ ಗುಣವಾಯಿತೇ, ವರ್ಷಗಟ್ಟಲೆ ಹಾಗೆಯೇ ಉಳಿಯಿತೇ, ಚಿಕಿತ್ಸೆಯಿಂದ ಆದದ್ದಲ್ಲವೇ ಎಂದು ಶೋಧಿಸುತ್ತಾರೆ. ಸಾವಿರಾರು ಮಂದಿ ಗುಣವಾಯಿತೆಂದು ಬಂದು ಹೇಳಿದ್ದರೂ ಸಭೆ ಅದ್ಭುತವೆಂದು ಒಪ್ಪಿದ್ದು ಇಷ್ಟು ವರ್ಷಗಳಲ್ಲಿ ಎಪ್ಪತ್ತರ ಆಸುಪಾಸು ಮಾತ್ರ.

ಹಾಗಾದರೆ ಪ್ರಾರ್ಥನೆಯಿಂದ ಏನೂ ಆಗುವುದಿಲ್ಲವೇ? ಆಗುತ್ತದೆ. ಆದರೆ ಎಲ್ಲಿ, ಯಾರಿಗೆ ಎಂದು ಬಿಡಿಸಿ ನೋಡಬೇಕು. ಮೇಲಿನ ಪ್ರಯೋಗಗಳಲ್ಲಿ ಪ್ರಾರ್ಥಿಸಿದವರು ರೋಗಿಯ ಮುಖ ಕಂಡವರಲ್ಲ. ನಮ್ಮಲ್ಲಿ ನಡೆಯುವುದು ಬೇರೆ. ವಾರ್ಡಿನಲ್ಲಿ ಸಂಜೆ ಬಂದ ಕನ್ಯಾಸ್ತ್ರೀ ಸಿಸ್ಟರ್ ಒಬ್ಬರು ಮಂಚದ ಅಂಚಿನಲ್ಲಿ ಕೂರುತ್ತಾರೆ, ಡ್ರಿಪ್ ಚುಚ್ಚಿದ ಕೈಯನ್ನು ತಪ್ಪಿಸಿ ಇನ್ನೊಂದು ಕೈ ಹಿಡಿಯುತ್ತಾರೆ, "ಊಟ ಮಾಡಿದ್ರೇನಮ್ಮಾ" ಅನ್ನುತ್ತಾರೆ, ಆಮೇಲೆ ಕಣ್ಣು ಮುಚ್ಚಿ ಜಪ ಶುರು ಮಾಡುತ್ತಾರೆ. ಐದು ನಿಮಿಷ ಕಳೆಯುವಷ್ಟರಲ್ಲಿ ಬಿಗಿ ಹಿಡಿದಿದ್ದ ಹೆಗಲು ಇಳಿಯುತ್ತದೆ, ಉಸಿರು ನಿಧಾನವಾಗುತ್ತದೆ. ಇದು ಕಣ್ಣಿನ ಭ್ರಮೆಯಲ್ಲ. ಇಟಲಿಯ ಲುಚಿಯಾನೋ ಬೆರ್ನಾರ್ದಿ ಮತ್ತು ಸಂಗಡಿಗರು 2001ರಲ್ಲಿ 23 ಆರೋಗ್ಯವಂತರಿಂದ ಜಪಮಾಲೆಯ 'ನಮೋ ಮರಿಯಾ' ಪ್ರಾರ್ಥನೆಯನ್ನು ಲ್ಯಾಟಿನ್ನಿನಲ್ಲಿ ಹೇಳಿಸಿದಾಗ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು, ರಕ್ತದೊತ್ತಡವನ್ನು ಹದದಲ್ಲಿಡುವ ನರಗಳ ಚುರುಕು ಹೆಚ್ಚಿತು. ಯೋಗದ ಮಂತ್ರ ಹೇಳಿದಾಗಲೂ ಹಾಗೆಯೇ ಆಯಿತು. ನೋವಿಗೂ ಇಂಥದೇ ಆಧಾರವಿದೆ. 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದವಡೆ ಹಲ್ಲು ಕೀಳಿಸಿಕೊಂಡವರಿಗೆ ಔಷಧವಿಲ್ಲದ ಸೂಜಿಮದ್ದು ಕೊಟ್ಟಾಗ ಕೆಲವರ ನೋವು ಇಳಿಯಿತು. ಮಾರ್ಫಿನ್ನಿನ ಕೆಲಸ ತಡೆಯುವ ನಾಲೊಕ್ಸೋನ್ ಕೊಟ್ಟೊಡನೆ ಅದೇ ನೋವು ಮರಳಿತು. ಭರವಸೆ ಹುಟ್ಟಿದಾಗ ಮಿದುಳೇ ತನ್ನ ನೋವುಮದ್ದನ್ನು ಬಿಡುಗಡೆ ಮಾಡುತ್ತದೆಂದು ಇದರಿಂದ ತಿಳಿಯಿತು.

ಈ ನೆಮ್ಮದಿ ನಿಜ. ಅಪಾಯವೂ ಅದರೊಳಗೇ ಇದೆ. ಅದನ್ನು ನನಗೆ ಚೆನ್ನಾಗಿ ತಿಳಿಸಿಕೊಟ್ಟದ್ದು ಪ್ರಾರ್ಥನೆಗೆ ಸಂಬಂಧವೇ ಇಲ್ಲದ ಒಂದು ಉಬ್ಬಸದ ಅಧ್ಯಯನ. 2011ರಲ್ಲಿ ಬಾಸ್ಟನ್ನಿನ ವೈದ್ಯರು ಉಬ್ಬಸವಿದ್ದವರಿಗೆ ಒಂದು ದಿನ ನಿಜವಾದ ಇನ್ಹೇಲರ್, ಒಂದು ದಿನ ಔಷಧವಿಲ್ಲದ ಇನ್ಹೇಲರ್, ಒಂದು ದಿನ ಚುಚ್ಚದ ಅಕ್ಯುಪಂಕ್ಚರ್ ಸೂಜಿ, ಒಂದು ದಿನ ಏನೂ ಇಲ್ಲ, ಹೀಗೆ ಸರದಿಯಲ್ಲಿ ಕೊಟ್ಟರು. ಎಷ್ಟು ಹಗುರಾಯಿತು ಎಂದು ಕೇಳಿದರೆ ನಿಜವಾದ ಔಷಧಕ್ಕೆ ನೂರಕ್ಕೆ 50ರಷ್ಟು, ಖಾಲಿ ಇನ್ಹೇಲರಿಗೆ 45ರಷ್ಟು ಎಂದರು ರೋಗಿಗಳು. ಬಹುತೇಕ ಸರಿಸಮ. ಅದೇ ಹೊತ್ತಿಗೆ ಕೊಳವೆಗೆ ಊದಿಸಿ ಶ್ವಾಸಕೋಶ ಅಳೆದರೆ, ಔಷಧ ಪಡೆದ ದಿನ ಊದುವ ಗಾಳಿ ನೂರಕ್ಕೆ 20ರಷ್ಟು ಹೆಚ್ಚಿತ್ತು, ಉಳಿದ ಮೂರೂ ದಿನ ಸುಮಾರು 7 ಮಾತ್ರ. ಖಾಲಿ ಇನ್ಹೇಲರಿನ ದಿನ ಎದೆ ಹಗುರಾಗಿದೆ ಎಂದವರ ಉಸಿರ್ನಾಳ ಏನೂ ಕೊಡದ ದಿನದಷ್ಟೇ ಬಿಗಿಯಾಗಿತ್ತು.

ಮೂಡಿಗೆರೆಯ ಕಡೆ ತೋಟದ ಲೈನ್ ಮನೆಯೊಂದರಲ್ಲಿ ಉಬ್ಬಸದ ಹೆಂಗಸು ಪ್ರಾರ್ಥನೆಯ ಮೇಲೆ "ಈಗ ಹಗುರ ಆಯ್ತು" ಎಂದರೆ ಆ ಮಾತನ್ನು ನಾನು ನಂಬುತ್ತೇನೆ. ಆ ಹಗುರವನ್ನೇ ಗುಣವೆಂದು ತಿಳಿದು ಇನ್ಹೇಲರನ್ನು ಕಪಾಟಿನಲ್ಲಿ ಇಟ್ಟುಬಿಟ್ಟರೆ ಮಳೆಗಾಲದ ಒಂದು ರಾತ್ರಿ, ಹತ್ತಿರದ ಆಸ್ಪತ್ರೆ ಘಾಟಿ ರಸ್ತೆಯಾಚೆ ಇರುವಾಗ, ಜೀವಕ್ಕೇ ಸಂಚಕಾರ. ಕ್ಷಯದಲ್ಲೂ ಇದೇ ಮೋಸ. ಮಾತ್ರೆ ತಿಂದ ಕೆಲವೇ ವಾರಗಳಲ್ಲಿ ಜ್ವರ ಹೋಗುತ್ತದೆ, ಕೆಮ್ಮು ಇಳಿಯುತ್ತದೆ, ತೂಕ ಕೂಡುತ್ತದೆ. ಆದರೆ ಸಾಮಾನ್ಯ ಕ್ಷಯಕ್ಕೂ ಆರು ತಿಂಗಳು ಮಾತ್ರೆ ಬೇಕು. ಅರ್ಧಕ್ಕೆ ನಿಲ್ಲಿಸಿದರೆ ಉಳಿದ ಸೂಕ್ಷ್ಮಾಣುಗಳು ಔಷಧಕ್ಕೆ ಬಗ್ಗದ ಜಾತಿಯಾಗಿ ಮೇಲೇಳಬಹುದು. ಇನ್ಸುಲಿನ್ ಮೇಲೆ ಬದುಕಿರುವ ಟೈಪ್ 1 ಸಕ್ಕರೆ ಕಾಯಿಲೆಯ ಮಗುವಿಗಂತೂ ಅದನ್ನು ನಿಲ್ಲಿಸಿದರೆ ತಿಂಗಳುಗಳ ಗಡುವೂ ಇಲ್ಲ, ಕೆಲವೇ ದಿನಗಳಲ್ಲಿ ರಕ್ತ ಆಮ್ಲವಾಗುತ್ತದೆ. ಅಮೆರಿಕದಲ್ಲಿ 1975ರಿಂದ 1995ರವರೆಗೆ ಧರ್ಮದ ಹೆಸರಿನಲ್ಲಿ ವೈದ್ಯರ ಬಳಿ ಒಯ್ಯದೆ ತೀರಿಹೋದ 172 ಮಕ್ಕಳ ದಾಖಲೆಗಳನ್ನು 1998ರಲ್ಲಿ ಸೇತ್ ಆಸರ್ ಮತ್ತು ರೀಟಾ ಸ್ವಾನ್ ಪರಿಶೀಲಿಸಿದರು. ಅವರಲ್ಲಿ 140 ಮಕ್ಕಳು ಸಾಧಾರಣ ಚಿಕಿತ್ಸೆ ಸಿಕ್ಕಿದ್ದರೆ ಉಳಿಯುವ ಸಾಧ್ಯತೆ ನೂರಕ್ಕೆ 90ಕ್ಕೂ ಹೆಚ್ಚಿತ್ತು. ಆ ತಂದೆತಾಯಿಯರು ಮಕ್ಕಳನ್ನು ಪ್ರೀತಿಸದವರೇನಲ್ಲ. ಪಕ್ಕದಲ್ಲಿ ಕೂತು ಬೇಡಿಕೊಳ್ಳುತ್ತಲೇ ಇದ್ದರು ಎಂಬುದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮದ್ದು ಬಿಡು ಎಂದು ಬೈಬಲ್ ಹೇಳುವುದಿಲ್ಲ. ರೋಗಿ ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿಕೊಂಡು ಪ್ರಾರ್ಥನೆ ಮಾಡಿಸಲಿ ಎಂದು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿದೆ, ವೈದ್ಯನ ಬಳಿ ಹೋಗಬೇಡ ಎಂದಿಲ್ಲ. ಸುವಾರ್ತೆ ಬರೆದ ಲೂಕನನ್ನು ಅಪೊಸ್ತಲ ಪೌಲ ಪ್ರಿಯ ವೈದ್ಯ ಎಂದೇ ಕರೆಯುತ್ತಾನೆ. ತನ್ನ ಸಂಗಡಿಗ ತಿಮೊಥೆಯನ ಹೊಟ್ಟೆ ತೊಂದರೆಗೆ ಪೌಲ ಸೂಚಿಸಿದ್ದು ಸ್ವಲ್ಪ ದ್ರಾಕ್ಷಾರಸ. ಕಥೋಲಿಕರ ಬೈಬಲಿನ ಸಿರಾಖನ ಗ್ರಂಥ 38ನೆಯ ಅಧ್ಯಾಯದಲ್ಲಿ ಕಾಯಿಲೆ ಬಿದ್ದಾಗ ಪ್ರಾರ್ಥಿಸು, ವೈದ್ಯನಿಗೂ ಎಡೆಕೊಡು, ಅವನನ್ನು ಸೃಷ್ಟಿಸಿದವನೂ ದೇವರೇ ಎಂಬ ಮಾತಿದೆ. ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಹೋಲಿ ಕ್ರಾಸ್ ಆಸ್ಪತ್ರೆ ನಡೆದುಬಂದದ್ದು ಪ್ರಾರ್ಥಿಸುವವರ ಕೈಯಿಂದಲೇ. ಅಲ್ಲಿ ಪ್ರಾರ್ಥನೆ ನಡೆಯುತ್ತದೆ, ಹೆರಿಗೆಯೂ ಆಪರೇಷನ್ನೂ ನಡೆಯುತ್ತದೆ.

ನನಗೆ ಎಲ್ಲಕ್ಕಿಂತ ಕ್ರೂರವಾಗಿ ಕಾಣುವುದು ಗುಣವಾಗದವರಿಗೆ ಹೇಳುವ 'ನಿನ್ನ ನಂಬಿಕೆ ಸಾಲದು' ಎಂಬ ಮಾತು. ಕ್ಯಾನ್ಸರಿನ ನೋವಿನ ಮೇಲೆ ಅಪರಾಧದ ಭಾರವನ್ನೂ ಹೊರಿಸಿದಂತೆ. ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪದಿಂದ ಹೀಗಾಯಿತೆಂದು ಶಿಷ್ಯರು ಕೇಳಿದಾಗ, ಇವನ ಪಾಪವೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದ ಯೇಸು. ಪೌಲನೇ ತನ್ನ ದೇಹದಲ್ಲಿ ನಾಟಿದ್ದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿಕೊಂಡು, ಅದು ಹೋಗದೆ, ಅದರೊಂದಿಗೇ ಊರೂರು ಸುತ್ತಿದ.

ಸಕಲೇಶಪುರದ ಕಡೆಯ ಒಬ್ಬ ಸಭಾಪಾಲಕರು ನನಗೆ ಗೊತ್ತು. ರೋಗಿಯ ಮನೆಗೆ ಹೋದರೆ ಮೊದಲು ಔಷಧದ ಚೀಟಿ ಕೇಳುತ್ತಾರೆ. ಬೆಳಗಿನ ಮಾತ್ರೆ ಆಯಿತೇ, ರಾತ್ರಿಯದು ಎಲ್ಲಿದೆ, ಮುಂದಿನ ಸಲ ತೋರಿಸಲು ಯಾವ ತಾರೀಕು ಎಂದು ವಿಚಾರಿಸಿ, ಆ ತಾರೀಕನ್ನು ತಮ್ಮ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಜೊತೆಗೆ ಹೋಗುವವರು ಯಾರೂ ಇಲ್ಲದಿದ್ದರೆ ಹಾಸನದ ಬಸ್ಸಿಗೆ ಸಭೆಯ ಒಬ್ಬ ಹುಡುಗನನ್ನು ಗೊತ್ತು ಮಾಡುತ್ತಾರೆ. ಇಷ್ಟಾದ ಮೇಲೆ ಮನೆಯವರನ್ನೆಲ್ಲ ಕರೆದು ಕೂರಿಸಿಕೊಂಡು, ಹೆಸರು ಹಿಡಿದು, ಗುಣವಾಗಲಿ ಎಂದೇ ಪ್ರಾರ್ಥಿಸುತ್ತಾರೆ.